ಆಂಪ್ಲಿಫೈಯರ್ ಬದಲಿಸುವ ಮೊದಲು ಕಾರಿನ ಬಾಗಿಲನ್ನು ನೋಡಿ

ಕಾರಿನಲ್ಲಿ ಜೋರಾಗಿ ಹಾಡು ಕೇಳುವವರಲ್ಲಿ ಹೆಚ್ಚಿನವರು ಬೇಸ್, ಅಂದರೆ ತಗ್ಗು ಸ್ವರದ ಗುಡುಗುವ ಸದ್ದು, ಸಾಲದೆನಿಸಿದ ಕೂಡಲೇ ಇನ್ನೂ ದೊಡ್ಡ ಆಂಪ್ಲಿಫೈಯರ್ ಹುಡುಕುತ್ತಾರೆ. ವ್ಯಾಟ್ ಎರಡು ಪಟ್ಟಾದರೂ ಶಬ್ದಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಶಬ್ದ ಇಮ್ಮಡಿಯಾದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಅಷ್ಟು ಹಣ ಸುರಿಯುವ ಮೊದಲು ಸ್ಪೀಕರ್ ಕೂತಿರುವ ಬಾಗಿಲನ್ನು ಸರಿಪಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮನೆಯ ಸ್ಪೀಕರ್‌ಗೆ ಗಟ್ಟಿಯಾದ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಬಾಗಿಲೇ ಆ ಪೆಟ್ಟಿಗೆ. ಒಳಗಿನ ಪ್ಲಾಸ್ಟಿಕ್ ಪ್ಯಾನೆಲ್ ಬಿಚ್ಚಿದರೆ ಕಾಣುವುದು ತೆಳು ತಗಡು, ಅದರಲ್ಲಿ ಅಂಗೈ ತೂರುವಷ್ಟು ದೊಡ್ಡ ತೂತುಗಳು, ಅವುಗಳ ಮೇಲೆ ನೀರು ಒಳಬರದಂತೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಸ್ಪೀಕರ್‌ನ ಅದುರುವ ಭಾಗವಾದ ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆ. ಹಿಂಬದಿಯ ಅಲೆ ಈ ತೂತುಗಳಿಂದ ನುಸುಳಿ ಬಂದು ಮುಂಬದಿಯ ಅಲೆಯನ್ನು ಸೇರಿದಾಗ ಎರಡೂ ಪರಸ್ಪರ ಅಳಿಸಿಹೋಗುತ್ತವೆ. 100 ಹರ್ಟ್ಸ್ ಶಬ್ದದ ಅಲೆಯುದ್ದ ಸುಮಾರು 3.4 ಮೀಟರ್ ಇರುವುದರಿಂದ ಬಾಗಿಲಿನೊಳಗಿನ ಗೇಣು ದೂರ ಅದಕ್ಕೆ ಲೆಕ್ಕಕ್ಕೇ ಇಲ್ಲ, ಹಾಗಾಗಿ ಮೊದಲು ಮಾಯವಾಗುವುದು ಬೇಸ್. ಈ ಕಾರಣಕ್ಕೇ ತೂತುಗಳನ್ನು ಮುಚ್ಚುವ ಕೆಲಸವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ದೊಡ್ಡ ತೂತುಗಳಿಗೆ ತೆಳುವಾದ ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ತುಂಡು ಕೂರಿಸಿ, ಅದರ ಮೇಲೆ ನಡುಕ ತಗ್ಗಿಸುವ ಅಂಟುಹಾಳೆಯಾದ ಡ್ಯಾಂಪಿಂಗ್ ಶೀಟ್ ಅಂಟಿಸಬೇಕು. ಬರೀ ಶೀಟ್ ಎಳೆದು ಅಂಟಿಸಿದರೆ ಬೇಸ್ ಬಂದಾಗಲೆಲ್ಲ ಅದೇ ಉಬ್ಬಿ ಕುಗ್ಗುತ್ತದೆ.

ಶೀಟ್ ಆರಿಸುವಾಗ ಬ್ಯೂಟೈಲ್ ರಬ್ಬರಿನದ್ದನ್ನೇ ಕೇಳಿ ಪಡೆಯಿರಿ. ಅಗ್ಗದ ಡಾಂಬರು ಶೀಟುಗಳು ನಮ್ಮ ಕಲಬುರಗಿ, ರಾಯಚೂರುಗಳ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ ಜಾರುತ್ತವೆ, ವಾಸನೆಯನ್ನೂ ಬಿಡುತ್ತವೆ. ತಗಡು ನಡುಗಿದಾಗ, ಅದಕ್ಕೂ ಶೀಟಿನ ಮೇಲ್ಪದರವಾದ ಅಲ್ಯೂಮಿನಿಯಂ ಹಾಳೆಗೂ ನಡುವೆ ಸಿಕ್ಕಿರುವ ರಬ್ಬರ್ ಜಗ್ಗಾಡಿ, ಆ ನಡುಕದ ಶಕ್ತಿಯನ್ನು ಅತ್ಯಲ್ಪ ಶಾಖವಾಗಿ ಮಾರ್ಪಡಿಸುತ್ತದೆ. ಹೊರತಗಡನ್ನು ಪೂರ್ತಿ ಮುಚ್ಚಬೇಕಾಗಿಲ್ಲ. ಅಗಲವಾದ ಚಪ್ಪಟೆ ಭಾಗದ ಕಾಲು ಪಾಲಿಗೆ ಒಳ್ಳೆಯ ಶೀಟ್ ಬಿದ್ದರೂ ಗೆಣ್ಣಿನಿಂದ ತಟ್ಟಿದಾಗ ಬರುತ್ತಿದ್ದ ‘ಟಣ್’ ಸದ್ದು ‘ಧಪ್’ ಆಗುತ್ತದೆ.

ಅಂಟಿಸುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತಗಡಿನ ಜಿಡ್ಡು ಒರೆಸಿ, ಅಂಟಿಸಿದ ಮೇಲೆ ಹಾಳೆಯ ಉಬ್ಬುಗೆರೆಗಳು ಚಪ್ಪಟೆಯಾಗುವವರೆಗೂ ರೋಲರ್ ಒತ್ತಬೇಕು. ಬಾಗಿಲಿನ ಕೆಳಅಂಚಿನಲ್ಲಿರುವ ನೀರು ಹೋಗುವ ರಂಧ್ರಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಗಾಜಿನ ಸಂದಿಯಿಂದ ಇಳಿದ ಮಳೆನೀರು ಅಲ್ಲೇ ನಿಂತರೆ ಬಾಗಿಲು ಒಳಗಿಂದಲೇ ತುಕ್ಕು ಹಿಡಿಯುತ್ತದೆ.

ಟಯರಿನ ಸದ್ದು ಇದರಿಂದ ಪೂರ್ತಿ ನಿಲ್ಲುತ್ತದೆಂದು ನಂಬಿಸುವ ಅಂಗಡಿಯವರಿದ್ದಾರೆ. ಅದಕ್ಕೆ ನೆಲಕ್ಕೆ ಹಾಸುವ ಫೋಮ್ ಮತ್ತು ಭಾರವಾದ ವಿನೈಲ್ ಪದರವೇ ಬೇಕು, ಅದು ಬೇರೆಯದೇ ಖರ್ಚು.

ಬೇಸ್‌ಗೆಂದೇ ಇರುವ ಸ್ಪೀಕರ್ ಆದ ಸಬ್‌ವೂಫರ್ ಇದ್ದರೆ ಡಿಕ್ಕಿಯ ಮುಚ್ಚಳ, ನಂಬರ್ ಪ್ಲೇಟ್, ಪ್ಯಾನೆಲ್‌ನ ಕ್ಲಿಪ್‌ಗಳು, ಬಾಗಿಲೊಳಗಿನ ವೈರುಗಳು ಹೀಗೆ ಒಂದೊಂದಾಗಿ ಗಿರಗುಟ್ಟುತ್ತವೆ. ಒಬ್ಬರು ಒಳಗೆ ಕೂತು 30ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಪರೀಕ್ಷಾ ಸ್ವರವನ್ನು ನುಡಿಸಲಿ, ಇನ್ನೊಬ್ಬರು ಹೊರಗಿನಿಂದ ಅಂಗೈ ಒತ್ತುತ್ತಾ ಹೋಗಲಿ. ಒತ್ತಿದಾಗ ಸದ್ದು ನಿಂತ ಜಾಗಕ್ಕೆ ಒಂದು ತುಂಡು ಶೀಟನ್ನೋ ಫೆಲ್ಟ್ ಟೇಪನ್ನೋ ಹಚ್ಚಿದರೆ ಸಾಕು.