ನ್ಯೂ ಆರ್ಲಿಯನ್ಸ್ ಬೀದಿಯ ಟ್ಯೂಬಾ

ನ್ಯೂ ಆರ್ಲಿಯನ್ಸ್‌ನಲ್ಲಿದ್ದೀನಿ ಅಂದ ಕೂಡಲೇ ಊರಿನ ಗೆಳೆಯರು ಟ್ರಂಪೆಟ್ ಬಗ್ಗೆ ಕೇಳುತ್ತಾರೆ. ಜಾಝ್‌ನ ಹೆಸರಾಂತ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹುಟ್ಟಿದ ಊರಲ್ವಾ, ಕೇಳೋದು ಸಹಜ. ನನಗೆ ಮಾತ್ರ ಇಲ್ಲಿ ಜಾಸ್ತಿ ಹತ್ತಿರವಾದದ್ದು ಟ್ಯೂಬಾ, ತುಂಬ ಕೆಳಗಿನ ಸ್ವರ ಹೊರಡಿಸುವ ದೊಡ್ಡ ಹಿತ್ತಾಳೆ ವಾದ್ಯ. ಭಾನುವಾರ ಮಧ್ಯಾಹ್ನ ಟ್ರೆಮೆ ಬಡಾವಣೆಯಲ್ಲಿ ಮೆರವಣಿಗೆ ಹೊರಟರೆ ಎರಡು ಬೀದಿ ಆಚೆಗೆ ಮೊದಲು ಕೇಳಿಸುವುದು ಟ್ಯೂಬಾ ಮತ್ತು ದೊಡ್ಡ ಡ್ರಮ್. ಟ್ರಂಪೆಟ್ ಕೇಳುವುದು ಆಮೇಲೆ.

ಈ ಮೆರವಣಿಗೆಗಳಿಗೆ ಸೆಕೆಂಡ್ ಲೈನ್ ಅನ್ನುತ್ತಾರೆ. ನಡೆಸುವುದು ಇಲ್ಲಿನ ಕಪ್ಪು ಜನರ ಸೋಷಿಯಲ್ ಏಡ್ ಅಂಡ್ ಪ್ಲೆಷರ್ ಕ್ಲಬ್‌ಗಳು. ಕಾಯಿಲೆಗೆ, ಮಣ್ಣಿನ ಖರ್ಚಿಗೆ ಒಬ್ಬರಿಗೊಬ್ಬರು ನೆರವಾಗಲು ಹುಟ್ಟಿಕೊಂಡ ಸಂಘಗಳ ಪರಂಪರೆ ಅದು. ಕ್ಲಬ್ಬಿನವರು ಒಂದೇ ಬಣ್ಣದ ಸೂಟು ತೊಟ್ಟು ಮುಂದೆ ಕುಣಿಯುತ್ತಾರೆ, ಹಿಂದೆ ಬ್ರಾಸ್ ಬ್ಯಾಂಡ್ ಅಂದರೆ ಹಿತ್ತಾಳೆ ವಾದ್ಯಗಳ ತಂಡ, ಅದರ ಹಿಂದೆ ಇಡೀ ಬಡಾವಣೆ. ಸುಮಾರು ನಾಲ್ಕು ಗಂಟೆ ನಡಿಗೆ. ಬೇಸಿಗೆ ಇನ್ನೂ ಪೂರ್ತಿ ಇಳಿಯದ ಸೆಪ್ಟೆಂಬರ್‌ನಲ್ಲೂ ಅಷ್ಟೇ ದೂರ.

ಆರ್ಕೆಸ್ಟ್ರಾದ ಟ್ಯೂಬಾ ಕೂತು, ತೊಡೆಯ ಮೇಲಿಟ್ಟುಕೊಂಡು ನುಡಿಸುವ ವಾದ್ಯ. 1835ರಲ್ಲಿ ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೊರಿಟ್ಸ್ ಅದಕ್ಕೆ ಪೇಟೆಂಟ್ ಪಡೆದರು. ಅದನ್ನು ಎದೆಗೆ ಅಪ್ಪಿಕೊಂಡು ನಾಲ್ಕು ಗಂಟೆ ನಡೆಯೋದು ಬಹಳ ಕಷ್ಟ. ಅದಕ್ಕೇ ಇಲ್ಲಿ ಬೀದಿಯಲ್ಲಿ ಕಾಣುವುದೆಲ್ಲ ಸೂಸಫೋನ್, ಹೊತ್ತು ನಡೆಯಲೆಂದೇ ಮಾಡಿದ ಟ್ಯೂಬಾ. ಹೆಬ್ಬಾವಿನಂತೆ ಮೈಸುತ್ತ ಬಳಸಿ, ಎಡ ಭುಜದ ಮೇಲೆ ಭಾರ ಬಿಟ್ಟು, ತಲೆಯ ಮೇಲಿಂದ ಅಗಲ ಬಾಯಿ ತೆರೆದು ನಿಲ್ಲುವ ವಾದ್ಯ. ನಮ್ಮಲ್ಲೂ ಕೆಲವು ಮದುವೆ ಬ್ಯಾಂಡ್‌ಗಳಲ್ಲಿ ನೀವು ನೋಡಿರಬಹುದು. ಮೀರತ್‌ನಲ್ಲಿ ಇವತ್ತಿಗೂ ಇದನ್ನು ತಯಾರಿಸುತ್ತಾರೆ.

ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ ಅವರ ಬೇಡಿಕೆಯಿಂದ 1890ರ ದಶಕದಲ್ಲಿ ಇದು ಹುಟ್ಟಿತು. ಮೊದಲು ಮಾಡಿದ್ದು ಫಿಲಡೆಲ್ಫಿಯಾದ ಜೆ. ಡಬ್ಲ್ಯು. ಪೆಪ್ಪರ್ ಕಂಪನಿ. 1898ರಲ್ಲಿ ಕಾನ್ ಕಂಪನಿಯೂ ಮಾಡಿತು. ಆಗ ಬಾಯಿ ಆಕಾಶ ನೋಡುತ್ತಿತ್ತು. ಮಳೆ ಬಂದರೆ ನೀರು ನೇರ ಒಳಗೆ. ಮುಂದಕ್ಕೆ ತಿರುಗಿದ್ದು ಆಮೇಲೆ. ಕಾನ್ 20ಕೆ ಅನ್ನುವ ಮಾದರಿಯ ಹೆಸರು ಟ್ಯೂಬಾ ನುಡಿಸುವವರ ಬಾಯಲ್ಲಿ ಇವತ್ತಿಗೂ ಗೌರವದಿಂದ ಬರುತ್ತದೆ. ಅದರ ಬಾಯಿ 26 ಇಂಚು ಅಗಲ. ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 18 ಅಡಿ. ಭಾರ 15 ಕೆಜಿಯ ಆಸುಪಾಸು. ಫೈಬರ್‌ಗ್ಲಾಸ್‌ನ ಹಗುರ ಸೂಸಫೋನ್‌ಗಳೂ ಇವೆ. ಆದರೆ ಹಿತ್ತಾಳೆಯದರ ನಾದವೇ ಬೇರೆ, ಅದು ಎದೆಗೂಡಿಗೆ ಬಂದು ತಾಗುತ್ತದೆ.

ಹಳೆಯ ಜಾಝ್ ರೆಕಾರ್ಡ್‌ಗಳಲ್ಲಿ ಟ್ಯೂಬಾ ಇರುವುದಕ್ಕೆ ಬೀದಿಯ ಜೊತೆಗೆ ಇನ್ನೊಂದು ಕಾರಣವಿದೆ. 1925ರವರೆಗೆ ರೆಕಾರ್ಡಿಂಗ್‌ನಲ್ಲಿ ಮೈಕ್ ಇರಲಿಲ್ಲ, ದೊಡ್ಡ ಆಲಿಕೆಯಂಥ ಹಾರ್ನ್ ಮುಂದೆ ನಿಂತು ನುಡಿಸಬೇಕಿತ್ತು. ತಂತಿಯ ಡಬಲ್ ಬೇಸ್ ಅದರಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ, ಟ್ಯೂಬಾ ಮೂಡುತ್ತಿತ್ತು. 1927ರ ಮೇ ತಿಂಗಳಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಸೆವೆನ್ ತಂಡ ರೆಕಾರ್ಡ್ ಮಾಡಿದಾಗ ಮೈಕ್ ಬಂದಾಗಿತ್ತು. ಆದರೂ ತಳದಲ್ಲಿ ಪೀಟ್ ಬ್ರಿಗ್ಸ್ ಅವರ ಟ್ಯೂಬಾ ಇದೆ. ಮುಂದಿನ ಕೆಲವೇ ವರ್ಷಗಳಲ್ಲಿ ಎಲ್ಲ ಕಡೆ ಡಬಲ್ ಬೇಸ್ ಬಂದು ಕೂತಿತು. ಫ್ಲೆಚರ್ ಹೆಂಡರ್ಸನ್ ಬ್ಯಾಂಡಿನ ಜಾನ್ ಕರ್ಬಿಯಂಥವರು ಟ್ಯೂಬಾದಿಂದ ಬೇಸ್‌ಗೆ ಹೋದರು.

ಕೂತು ನುಡಿಸುವ ಟ್ಯೂಬಾ ಜಾಝ್‌ಗೆ ಮರಳಿದಾಗ ಅದರ ಕೆಲಸವೇ ಬದಲಾಗಿತ್ತು. 1948ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಒಂಬತ್ತು ಜನರ ತಂಡ ಕಟ್ಟಿ, 1949 ಮತ್ತು 1950ರಲ್ಲಿ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಮಾಡಿದರು. ಅದೇ ಮುಂದೆ ಬರ್ತ್ ಆಫ್ ದ ಕೂಲ್ ಅನ್ನುವ ಆಲ್ಬಂ ಆಯಿತು. ಅದರಲ್ಲಿ ಡಬಲ್ ಬೇಸ್ ಬೇರೆ ಇತ್ತು. ಹಾಗಾಗಿ ಬಿಲ್ ಬಾರ್ಬರ್ ಅವರ ಟ್ಯೂಬಾ ತಾಳದ ತಳ ಹಿಡಿಯಬೇಕಿರಲಿಲ್ಲ, ಉಳಿದ ಊದುವ ವಾದ್ಯಗಳ ಜೊತೆ ಸೇರಿ ರಾಗದ ಎಳೆಯಲ್ಲಿ ಓಡಾಡಿತು. 1957ರಲ್ಲಿ ರೇ ಡ್ರೇಪರ್ ತಮ್ಮ 17ನೇ ವಯಸ್ಸಿನಲ್ಲಿ ಸ್ಯಾಕ್ಸಫೋನ್ ವಾದಕ ಜಾನ್ ಕಾಲ್ಟ್ರೇನ್ ಪಕ್ಕ ನಿಂತು ಟ್ಯೂಬಾದಲ್ಲಿ ಸೋಲೊ ನುಡಿಸಿದರು. ಆ ಸ್ಯಾಕ್ಸಫೋನ್ ಮುಂದೆ ಬೇರೆ ಯಾರಾದರೂ ಹೆದರುತ್ತಿದ್ದರು.

ಟ್ಯೂಬಾ ವಾದಕ ಹೊವರ್ಡ್ ಜಾನ್ಸನ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಲೇಬೇಕು. ಅಲಬಾಮಾದಲ್ಲಿ ಹುಟ್ಟಿದ ಅವರು ಟ್ಯೂಬಾವನ್ನು ತಾವಾಗಿಯೇ ಕಲಿತವರು. ಟ್ಯೂಬಾ ಅಂದರೆ ಆನೆ ನಡಿಗೆ ಅಂದುಕೊಂಡವರಿಗೆ ಅವರು ಮೇಲಿನ ಸ್ವರಗಳಲ್ಲಿ ಹಾಡಿ ತೋರಿಸಿದರು. ಟ್ಯೂಬಾದವರನ್ನೇ ಸೇರಿಸಿ ಗ್ರಾವಿಟಿ ಅನ್ನುವ ತಂಡ ಕಟ್ಟಿದರು. 1971ರಲ್ಲಿ ತಾಜ್ ಮಹಲ್ ಅನ್ನುವ ಬ್ಲೂಸ್ ಗಾಯಕರ ಹಿಂದೆ ನಾಲ್ಕು ಟ್ಯೂಬಾ ನುಡಿಸಿದ ತಂಡವೂ ಅವರದೇ. ಅದರಲ್ಲಿದ್ದ ಬಾಬ್ ಸ್ಟುವರ್ಟ್ ಮುಂದೆ ಸ್ಯಾಕ್ಸಫೋನ್ ವಾದಕ ಆರ್ಥರ್ ಬ್ಲೈಥ್ ಜೊತೆ ಮಾಡಿದ ಕೆಲಸವನ್ನೂ ಹುಡುಕಿ ಕೇಳಿ. ಜಾನ್ಸನ್ 2021ರಲ್ಲಿ ತೀರಿಕೊಂಡರು. ಅವರಿಗೆ ಸಿಗಬೇಕಾದ ಹೆಸರು ಬದುಕಿದ್ದಾಗ ಸಿಗಲಿಲ್ಲ ಅಂತ ನನಗೆ ನಿಜವಾಗಿಯೂ ಬೇಸರವಿದೆ.

ಇತ್ತ ನ್ಯೂ ಆರ್ಲಿಯನ್ಸ್ ಬೀದಿಗೆ ಡಬಲ್ ಬೇಸ್ ಬರುವ ಹಾಗೇ ಇರಲಿಲ್ಲ. ಅದನ್ನು ಹೊತ್ತು ನಡೆಯುತ್ತ ನುಡಿಸೋದು ಹೇಗೆ? ಆದ್ದರಿಂದ ಸೂಸಫೋನ್ ಇಲ್ಲಿ ಉಳಿಯಿತು. 1977ರಲ್ಲಿ ಡರ್ಟಿ ಡಜನ್ ಬ್ರಾಸ್ ಬ್ಯಾಂಡ್ ಶುರುವಾದಾಗ ಕರ್ಕ್ ಜೋಸೆಫ್ ಹಳೆಯ ಎರಡು ಪೆಟ್ಟಿನ ನಡೆಯನ್ನು ಬಿಟ್ಟು, ಫಂಕ್ ಹಾಡಿನ ಬೇಸ್ ಗಿಟಾರ್ ಓಡುವಂತೆ ಸೂಸಫೋನನ್ನು ಓಡಿಸಿದರು. ಉಸಿರಿಗೆ ಬಿಡುವೇ ಇಲ್ಲವೇನೋ ಅನ್ನಿಸುತ್ತದೆ. 1983ರಲ್ಲಿ ಫಿಲಿಪ್ ಫ್ರೇಜಿಯರ್, ತಮ್ಮ ಕೀತ್ ಮತ್ತು ಗೆಳೆಯ ಕರ್ಮಿಟ್ ರಫಿನ್ಸ್ ಸೇರಿ ರಿಬರ್ತ್ ಬ್ರಾಸ್ ಬ್ಯಾಂಡ್ ಕಟ್ಟಿದರು. ಟ್ರೆಮೆಯ ಹೈಸ್ಕೂಲ್ ಹುಡುಗರು ಅವರು. 2012ರಲ್ಲಿ ಅದೇ ಬ್ಯಾಂಡಿಗೆ ಗ್ರಾಮಿ ಬಂತು. ಅಲ್ಲಿ ಎಷ್ಟೋ ಸಲ ಹಾಡು ಶುರುವಾಗುವುದೇ ಫಿಲಿಪ್ ಅವರ ಟ್ಯೂಬಾದಿಂದ. ಅವರು ನಾಲ್ಕು ಸ್ವರ ಊದಿದರೆ ಮುಂದಿನ ಹಾಡು ಯಾವುದು ಅಂತ ಜನರಿಗೆ ಗೊತ್ತಾಗಿಬಿಡುತ್ತದೆ, ಕೂಗು ಏಳುತ್ತದೆ. ಜ್ಯಾಕ್ಸನ್ ಸ್ಕ್ವೇರ್‌ನಲ್ಲಿ ವರ್ಷಗಟ್ಟಲೆ ಟ್ಯೂಬಾ ನುಡಿಸಿದ ಆಂಥನಿ ಲೇಸನ್ 2004ರಲ್ಲಿ ತೀರಿಕೊಂಡರು. ಅವರನ್ನು ಟ್ಯೂಬಾ ಫ್ಯಾಟ್ಸ್ ಅಂದರೇ ಜನರಿಗೆ ಗೊತ್ತು. ಟ್ರೆಮೆಯ ಒಂದು ಚೌಕಕ್ಕೆ ಆ ಹೆಸರೇ ಇದೆ. ಟ್ಯೂಬಾ ನುಡಿಸಿದವರ ಹೆಸರನ್ನು ಒಂದು ಚೌಕಕ್ಕೆ ಇಟ್ಟ ಊರಿದು. ನನಗೆ ಈ ಊರಿನ ಮೇಲೆ ಪ್ರೀತಿ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ಇಲ್ಲಿ ಬಹಳಷ್ಟು ಮಕ್ಕಳು ಈ ವಾದ್ಯ ಹಿಡಿಯುವುದು ಶಾಲೆಯಲ್ಲಿ. ಹೊಸ ಸೂಸಫೋನ್‌ನ ಬೆಲೆ ಸಾವಿರಾರು ಡಾಲರ್, ಮನೆಯವರಿಗೆ ಎಟುಕುವುದಿಲ್ಲ. 2005ರ ಕಟ್ರಿನಾ ಚಂಡಮಾರುತದಲ್ಲಿ ಊರು ಮುಳುಗಿದಾಗ ಶಾಲೆಗಳ ವಾದ್ಯಗಳೂ ಹಾಳಾದವು. ಆಗ ಟಿಪಿಟಿನಾಸ್ ಫೌಂಡೇಶನ್‌ನಂಥ ಸಂಸ್ಥೆಗಳು ವಾದ್ಯ ಕೊಡಿಸಿದವು. ನಮ್ಮ ಬೀದಿಯ ಹುಡುಗನೊಬ್ಬ ಶಾಲೆಯ ಸೂಸಫೋನ್ ಮನೆಗೆ ತಂದು ಸಂಜೆ ಅಭ್ಯಾಸ ಮಾಡುತ್ತಾನೆ. ಅಲ್ಲಲ್ಲಿ ತಗ್ಗು ಬಿದ್ದ, ಬಣ್ಣ ಮಾಸಿದ ವಾದ್ಯ. ಒಂದೇ ಸ್ವರವನ್ನು ಎಳೆದೆಳೆದು ಊದುತ್ತಾನೆ. ಮಾರ್ಡಿ ಗ್ರಾ ಹಬ್ಬದ ಮೆರವಣಿಗೆಯಲ್ಲಿ ಆ ಭಾರ ಹೊತ್ತು ಮೈಲಿಗಟ್ಟಲೆ ನಡೆಯಬೇಕು, ಅದಕ್ಕೆ ಈ ತಯಾರಿ. ಬೀದಿಯಲ್ಲಿ ಯಾರೂ ಅವನಿಗೆ ನಿಲ್ಲಿಸು ಅನ್ನುವುದಿಲ್ಲ.

ನೀವು ಇದನ್ನೆಲ್ಲ ಕೇಳುವುದಾದರೆ ಫೋನಿನ ಸ್ಪೀಕರ್‌ನಲ್ಲಿ ಬೇಡ. ಸೂಸಫೋನ್‌ನ ಕೆಳಗಿನ ಬಿ ಫ್ಲಾಟ್ ಸೆಕೆಂಡಿಗೆ ಸುಮಾರು 58 ಕಂಪನ, ಅದು ಸಣ್ಣ ಸ್ಪೀಕರ್‌ಗೆ ದಕ್ಕುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಇಲ್ಲಿಗೇ ಬರುವುದಾದರೆ ಜುಲೈ ಮತ್ತು ಆಗಸ್ಟ್ ಬಿಟ್ಟು ಬನ್ನಿ, ಒಂದು ಭಾನುವಾರ ಖಾಲಿ ಇಟ್ಟುಕೊಳ್ಳಿ. ಆ ವಾರದ ಮೆರವಣಿಗೆ ಯಾವ ಬೀದಿಯಲ್ಲಿ ಅಂತ ಡಬ್ಲ್ಯುಡಬ್ಲ್ಯುಓಝಡ್ ರೇಡಿಯೊದವರು ತಿಳಿಸುತ್ತಾರೆ. ನಾನೇ ಕರೆದುಕೊಂಡು ಹೋಗುತ್ತೀನಿ. ನಡೆಯುವುದಕ್ಕೆ ಒಳ್ಳೆಯ ಶೂ ತನ್ನಿ.