ಬ್ಯಾಡಗಿ ಗೊತ್ತಾ ಅಂತ ಅವಳು ಕೇಳಿದಳು

ಹೋದ ಭಾನುವಾರ ರಾತ್ರಿ ಎಂಟರ ಸುಮಾರಿಗೆ ಎದುರು ಮನೆಯ ಹುಡುಗಿ ಬಾಗಿಲು ಬಡಿದಳು. ಕೈಯಲ್ಲಿ ಲ್ಯಾಪ್‌ಟಾಪ್. "ಈ ಊರು ನಿಮಗೆ ಗೊತ್ತಾ?" ಅಂತ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಬ್ಯಾಡಗಿ! ಹೊರಗೆ ಅಮೆರಿಕದ ಆನ್ ಆರ್ಬರ್‌ನ ಮಾರ್ಚ್ ತಿಂಗಳ ಹಿಮ, ಒಳಗೆ ನನ್ನ ತವರೂರಿನ ಹೆಸರು. ಖುಷಿ ತಡೆಯಲಾಗಲಿಲ್ಲ. ನಮ್ಮಪ್ಪನದು ಅಲ್ಲೇ ಮೆಣಸಿನಕಾಯಿ ದಲಾಲಿ ಅಂಗಡಿ ಅಂದೆ. ಕೂರಿಸಿ ಚಹಾ ಕೊಟ್ಟೆ.

ಅವಳು ಇಲ್ಲಿನ ಮಿಷಿಗನ್ ವಿಶ್ವವಿದ್ಯಾಲಯದ ರಾಸ್ ಬಿಸಿನೆಸ್ ಸ್ಕೂಲಿನಲ್ಲಿ ಎಂಬಿಎ ಮೊದಲ ವರ್ಷ. ಅವರ ತಂಡಕ್ಕೆ ಸಿಕ್ಕ ಕೆಲಸ, ಒಂದು ಆಹಾರ ಕಂಪನಿಗೆ ಕೃತಕ ಬಣ್ಣದ ಬದಲು ಗಿಡದಿಂದ ಬರುವ ಕೆಂಪು ಬಣ್ಣ ಎಲ್ಲಿಂದ ತರಬಹುದು ಅಂತ ಹುಡುಕಿ ಹೇಳುವುದು. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆದ ಓಲಿಯೋರೆಸಿನ್, ಅಂದರೆ ಬಣ್ಣದ ಗಟ್ಟಿ ಸಾರ, ತಿಂಡಿಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಹುಡುಕುತ್ತಾ ಹುಡುಕುತ್ತಾ ಅವಳು ಬ್ಯಾಡಗಿಗೆ ಬಂದು ಮುಟ್ಟಿದ್ದಳು.

"ಹಾಗಾದ್ರೆ ಹೇಳಿ" ಅಂತ ಶುರು ಮಾಡಿದಳು. ಕಾಯಿ ಸರಿಯಾಗಿ ಒಣಗಿದೆ ಅಂತ ಅಲ್ಲಿ ಹೇಗೆ ತಿಳಿಯುತ್ತಾರೆ? ಒಂದೇ ದಿನ, ಒಂದೇ ಅಂಗಡಿ, ಆದರೂ ಈ ಲಾಟಿಗೂ ಪಕ್ಕದ ಲಾಟಿಗೂ ರೇಟು ಯಾಕೆ ಬೇರೆ? ತೇವ ಜಾಸ್ತಿ ಇದ್ದರೆ ನಷ್ಟ ಯಾರಿಗೆ, ರೈತನಿಗೋ ಖರೀದಿದಾರನಿಗೋ?

ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ.

"ಆದರೆ ನೀವೂ ಎಂಬಿಎ ಮಾಡಿದ್ದೀರಲ್ಲ?" ಅಂದಳು. ಚುಚ್ಚಬೇಕು ಅಂತ ಅಂದಿದ್ದಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು ಅವಳಿಗೆ. ಆ ಮಾತು ಇನ್ನೂ ನನ್ನೊಳಗೆ ಕೂತಿದೆ.

ನಾನು ಎಂಬಿಎ ಮಾಡಿದ್ದು ಹುಬ್ಬಳ್ಳಿಯಲ್ಲಿ. ಕಾಲೇಜಿನ ಹೆಸರು ಬೇಡ. ಕೊನೆಯ ವರ್ಷದ ಪ್ರಾಜೆಕ್ಟ್ ವಿಷಯ ಕೇಳಿದರೆ ನಿಮಗೂ ಬೇಜಾರಾಗುತ್ತದೆ: ಬ್ಯಾಡಗಿ ಮೆಣಸಿನಕಾಯಿ ಮಾರಾಟ ವ್ಯವಸ್ಥೆ, ಒಂದು ಅಧ್ಯಯನ. ಹಿಂದಿನ ವರ್ಷದ ರಿಪೋರ್ಟ್ ತಗೊಂಡು, ಕೋಷ್ಟಕ ಬದಲಿಸಿ, ಝೆರಾಕ್ಸ್ ಅಂಗಡಿಯಲ್ಲಿ ಬೈಂಡಿಂಗ್ ಮಾಡಿಸಿ ಕೊಟ್ಟೆವು. ಗೈಡ್ ಹೇಳಿದ್ದೂ ಹಾಗೇ ಮಾಡಿ ಅಂತ. ನಮ್ಮ ಮನೆಯಿಂದ ಮಾರುಕಟ್ಟೆಗೆ ಹತ್ತು ನಿಮಿಷದ ದಾರಿ, ಆ ಪ್ರಾಜೆಕ್ಟಿಗಾಗಿ ಒಂದು ದಿನವೂ ನಾನು ಅಲ್ಲಿಗೆ ಹೋಗಲಿಲ್ಲ. ಒಳ್ಳೆ ಮಾರ್ಕ್ಸ್ ಬಂತು.

ಇಲ್ಲಿ ಹಾಗಲ್ಲ. ರಾಸ್‌ನಲ್ಲಿ ಈ ಕೆಲಸಕ್ಕೆ ಮ್ಯಾಪ್ ಅನ್ನುತ್ತಾರೆ, 1992ರಿಂದ ನಡೆದಿದೆ. ಮೊದಲ ವರ್ಷದ ಎಲ್ಲರೂ 7 ವಾರ ಪಾಠ ಬಿಟ್ಟು ಒಂದು ನಿಜವಾದ ಕಂಪನಿಯ ನಿಜವಾದ ತೊಂದರೆಗೆ ಉತ್ತರ ಹುಡುಕಬೇಕು, ಯಾರಿಗೂ ವಿನಾಯಿತಿ ಇಲ್ಲ. ಬಾಸ್ಟನ್ ಕಡೆಯ ಎಂಐಟಿಯಲ್ಲಿ ಇದೇ ಥರ ಜಿ-ಲ್ಯಾಬ್ ಇದೆ, 2000ದಲ್ಲಿ ಶುರುವಾಗಿದ್ದು. ಹುಡುಗರು ಬೇರೆ ದೇಶದ ಸಣ್ಣ ಕಂಪನಿಗಳಿಗೆ ಹೋಗಿ ಅಲ್ಲೇ ಕೂತು ಕೆಲಸ ಮಾಡುತ್ತಾರೆ. ಆ ಸಂಸ್ಥೆಯ ಧ್ಯೇಯವಾಕ್ಯವೇ ಮನಸ್ಸು ಮತ್ತು ಕೈ. ಹಾರ್ವರ್ಡ್‌ನ ದಾರಿ ಬೇರೆ. ಅಲ್ಲಿ 1921ರಿಂದ ಕೇಸ್, ಅಂದರೆ ಯಾವುದೋ ಕಂಪನಿಗೆ ನಿಜವಾಗಿ ಎದುರಾದ ಸಂದರ್ಭ, ಬರೆದು ಕಲಿಸುತ್ತಾ ಬಂದವರು. ಒಂದು ತರಗತಿಯಲ್ಲಿ ಸುಮಾರು 90 ಮಂದಿ, ಎರಡು ವರ್ಷದಲ್ಲಿ ಸುಮಾರು 500 ಕೇಸ್, ನೀನು ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಅಂತ ದಿನಾ ವಾದ. ವಾದಕ್ಕೆ ಅದರದೇ ಬೆಲೆ ಇದೆ. ಆದರೆ ಅವರೂ 2011ರಲ್ಲಿ ಫೀಲ್ಡ್ ಅಂತ ಒಂದು ಕೋರ್ಸ್ ತಂದು ಹುಡುಗರನ್ನು ತರಗತಿಯಿಂದ ಹೊರಗೆ ಕಳಿಸಿದರು. ನನಗೆ ಮಿಷಿಗನ್‌ನದೇ ಹೆಚ್ಚು ಇಷ್ಟ. ಉತ್ತರಕ್ಕಾಗಿ ಆ ಕಡೆ ಯಾರೋ ನಿಜವಾಗಿ ಕಾಯುತ್ತಿರುತ್ತಾರೆ. ಕಾಯುವವರಿದ್ದರೆ ಕಾಪಿ ಹೊಡೆಯಲು ಮನಸ್ಸು ಬರಲ್ಲ, ಅಲ್ವಾ?

ನಮ್ಮ ಕಡೆ ಇದೆಲ್ಲ ಯಾರಿಗೂ ಗೊತ್ತಿಲ್ಲ ಅಂತಲ್ಲ. ಎಂಐಟಿಯಲ್ಲಿ ಲ್ಯಾಬಿನ ಸಂಶೋಧನೆಯನ್ನು ಮಾರುಕಟ್ಟೆಗೆ ಮುಟ್ಟಿಸಲು 2002ರಲ್ಲಿ ಕೇಂದ್ರ ಕಟ್ಟಲು ಹಣ ಕೊಟ್ಟ ಗುರುರಾಜ ದೇಶಪಾಂಡೆ ಹುಬ್ಬಳ್ಳಿಯವರೇ. ಅವರ ಫೌಂಡೇಶನ್ ಹುಬ್ಬಳ್ಳಿಯಲ್ಲೂ ಕೆಲಸ ಮಾಡುತ್ತಿದೆ.

ಆದರೆ ನನ್ನನ್ನು ಕಾಡಿದ್ದು ಕಾಲೇಜು ಮಾತ್ರ ಅಲ್ಲ, ನಮ್ಮ ಮನೆ ಕೂಡ. ಸಣ್ಣವಳಿದ್ದಾಗ ಅಂಗಡಿಗೆ ಬರ್ತೀನಿ ಅಂದರೆ ಅಪ್ಪ ಬಿಡುತ್ತಿರಲಿಲ್ಲ. "ಆ ಘಾಟಿನ್ಯಾಗ ನಿನಗ್ಯಾಕವ್ವಾ, ನೀ ಓದು" ಅನ್ನುತ್ತಿದ್ದರು. ಪ್ರೀತಿಯಿಂದಲೇ. ನನ್ನ ತಮ್ಮ ಹತ್ತನೇ ತರಗತಿ ಪಾಸಾಗಲಿಲ್ಲ, ಅವನನ್ನು ಅಂಗಡಿಗೆ ಕಳಿಸಿದರು, ಅದು ಶಿಕ್ಷೆ ಅನ್ನೋ ಹಾಗೆ. ಹದಿನೈದು ವರ್ಷ ಹಮಾಲರ ಜೊತೆ, ರೈತರ ಜೊತೆ, ಟೆಂಡರ್ ದಿನದ ಗದ್ದಲದಲ್ಲಿ ಬೆಳೆದ. ಇವತ್ತಿಗೂ ಯಾರಾದರೂ ಓದಿದವರು ಸಿಕ್ಕರೆ "ನಾ ಓದಿಲ್ರಿ" ಅಂತಲೇ ಮಾತು ಶುರು ಮಾಡುತ್ತಾನೆ. ಇಲ್ಲಿ ಲಕ್ಷಗಟ್ಟಲೆ ಫೀ ಕೊಟ್ಟು ಏನನ್ನು ಕಲಿಯಲು ಹೋಗುತ್ತಾರೋ ಅದನ್ನು ಅವನು ಅಂಗಡಿಯಲ್ಲೇ ಕಲಿತಿದ್ದಾನೆ, ಅದನ್ನು ಕಲಿಕೆ ಅಂತ ನಾವು ಯಾರೂ ಕರೆಯಲೇ ಇಲ್ಲ. ನಾನೂ ಕರೆಯಲಿಲ್ಲ.

ಆ ರಾತ್ರಿ ಒಂಬತ್ತೂವರೆಗೆ ಮನೆಗೆ ವಾಟ್ಸಾಪ್ ಕಾಲ್ ಮಾಡಿದೆ. ಅಲ್ಲಿ ಸೋಮವಾರ ಬೆಳಗ್ಗೆ ಏಳು, ಮಾರುಕಟ್ಟೆ ದಿನ, ಎಲ್ಲರೂ ಎದ್ದಿದ್ದರು. ಪ್ರಶ್ನೆ ಕೇಳಿದ ಕೂಡಲೇ ಅಪ್ಪ, "ಇಷ್ಟ ವರ್ಷಕ್ಕ ಈಗ ಕೇಳಾಕತ್ತೀಯಲ್ಲವ್ವಾ" ಅಂದರು. ಆಮೇಲೆ ಫೋನು ತಮ್ಮನಿಗೆ ಕೊಟ್ಟರು. "ನನಗಿಂತ ಇವನ ಛಲೋ ಹೇಳ್ತಾನ."

"ಅಕ್ಕಾ, ಮನ್ಯಾಗ ನಮ್ಮ ಕಾಯಿ ಅದಾವೇನು? ಒಂದ ಮುಷ್ಟಿ ತಗೊಂಡ ಬಾ."

ಹೋದ ಸಲ ಅವ್ವ ಕಟ್ಟಿಕೊಟ್ಟ ಡಬ್ಬ ತೆಗೆದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸು ಅಂದ. ಬೀಜ ಗಲಗಲ ಅಂತು. ಅದು ಒಣಗಿದ ಕಾಯಿ. ಸಪ್ಪಳ ಬರದೆ ಮೆತ್ತಗೆ ಬಾಗಿದರೆ ತೇವ ಇದೆ ಅಂತ. ಮುರಿದು ಒಳಗಿನ ಬಣ್ಣ ನೋಡು ಅಂದ. ನಮ್ಮ ಕಾಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಥರ. ಡಬ್ಬಿ ಅಂದರೆ ಗಿಡ್ಡ, ದಪ್ಪ. ಕಡ್ಡಿ ಅಂದರೆ ಉದ್ದ, ಸಣ್ಣಗೆ. ಸುಕ್ಕು ಎರಡಕ್ಕೂ ಇರುತ್ತದೆ. ಎದುರು ಮನೆ ಹುಡುಗಿ ನನ್ನ ಅಡುಗೆಮನೆ ಕಟ್ಟೆಗೆ ಒರಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಲೇ ಇದ್ದಳು. ನಾನು ಇಂಗ್ಲಿಷಿಗೆ ತಿರುಗಿಸುತ್ತಾ ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದೆ.

ಕೊನೆಗೆ ಅವಳು ರಿಪೋರ್ಟಿನಲ್ಲಿ ಇವರ ಬಗ್ಗೆ ಏನಂತ ಹಾಕಲಿ ಅಂತ ಕೇಳಿದಳು. ಅದನ್ನೇ ತಮ್ಮನಿಗೆ ಕೇಳಿದೆ. ತಮ್ಮ ಸ್ವಲ್ಪ ಹೊತ್ತು ಸುಮ್ನಿದ್ದ.

"ನಾ ಓದಿ..." ಅಂತ ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. "ದಲಾಲರು, ಬ್ಯಾಡಗಿ ಅಂತ ಬರೀ ಅನ್ನಕ್ಕಾ. ಹದಿನೈದ ವರ್ಷ ಆತು ಅಂತನೂ ಬರೀ ಅನ್ನು."