ಟ್ರೆಟ್ಯಾಕ್ ಎನ್‌ಎಚ್‌ಎಲ್ ಯಾಕೆ ಆಡ್ಲಿಲ್ಲ? ಬಿಡ್ಲಿಲ್ಲ, ಅದಕ್ಕೆ

ಇದನ್ನ ಬರೆದಿಟ್ಟುಬಿಡ್ತೀನಿ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ಲಿಂಕ್ ಕಳಿಸಿ ಸುಮ್ನಾಗ್ಬಹುದು. ನನ್ನ ಹತ್ರ ಒಂದು ಕೆಂಪು ಜರ್ಸಿ ಇದೆ. ಎದೆ ಮೇಲೆ ಸಿಸಿಸಿಪಿ ಅಂತ ಓದ್ಕೋತಾರೆ ಎಲ್ರೂ, ರಷ್ಯನ್ ಲಿಪೀಲಿ ಅದು ಎಸ್‌ಎಸ್‌ಎಸ್‌ಆರ್, ಸೋವಿಯತ್ ಒಕ್ಕೂಟ ಅಂತ. ಬೆನ್ನ ಮೇಲೆ 20. ಸೋವಿಯತ್ ಐಸ್ ಹಾಕಿ ತಂಡದ ಗೋಲ್‌ಕೀಪರ್ ವ್ಲಾಡಿಸ್ಲಾವ್ ಟ್ರೆಟ್ಯಾಕ್ ನಂಬರು. ಟೊರಾಂಟೊದಲ್ಲಿ ಇದನ್ನ ಹಾಕ್ಕೊಂಡು ಹಾಲು ತರಕ್ಕೆ ಹೋದ್ರೂ ಒಬ್ರು ಗಂಟು ಬೀಳ್ತಾರೆ, ಕೇಳೋದು ಒಂದೇ: ಅಷ್ಟು ದೊಡ್ಡ ಗೋಲಿ ಆಗಿದ್ರೆ ಎನ್‌ಎಚ್‌ಎಲ್‌ನಲ್ಲಿ ಯಾಕೆ ಆಡ್ಲಿಲ್ಲ? (ಇಲ್ಲಿ ಗೋಲಿ ಅಂದ್ರೆ ಗೋಲ್‌ಕೀಪರ್ರು, ನಾವು ಬೀದೀಲಿ ಆಡ್ತಿದ್ದ ಗೋಲಿ ಅಲ್ಲ. ಎನ್‌ಎಚ್‌ಎಲ್ ಅಂದ್ರೆ ಕೆನಡಾ-ಅಮೆರಿಕದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್.)

ಬಿಳಿಯರು ಕೇಳಿದ್ರೆ ತಡ್ಕೋಬಹುದು. ನಮ್ಮೋರು ಕೇಳಿದ್ರೆ ಮೈ ಉರಿಯತ್ತೆ. ಒಂದು ಯುಗಾದಿ ಊಟಕ್ಕೆ ಹೋಗಿದ್ದೆ, ಹಾಲ್‌ನಲ್ಲಿ ಹೀಟಿಂಗ್ ಕೆಟ್ಟೋಗಿತ್ತು, ಕಾರಲ್ಲಿದ್ದ ಜರ್ಸೀನೇ ಸೀರೆ ಮೇಲೆ ಹಾಕ್ಕೊಂಡು ಬಿಸಿಬೇಳೆಬಾತ್ ಲೈನಲ್ಲಿ ನಿಂತಿದ್ದೀನಿ, ಹಿಂದೆ ಒಬ್ರು ಅಂಕಲ್. "ಏನಮ್ಮಾ ಇದು, ರಷ್ಯಾದವನ ಅಂಗಿ? ಅವ್ನು ಎನ್‌ಎಚ್‌ಎಲ್ಲೇ ಆಡಿಲ್ವಂತಲ್ಲ. ಆಡಿದ್ರೆ ಗೊತ್ತಾಗ್ತಿತ್ತು ಬಿಡು ಅವನ ಬಂಡವಾಳ." ಅಂಕಲ್ ಕೆನಡಾಕ್ಕೆ ಬಂದು ಎಷ್ಟೋ ವರ್ಷ ಆಗಿದೆ, ಹಾಕಿ ವಿಷ್ಯದಲ್ಲಿ ಇಲ್ಲಿಯವರಿಗಿಂತ ಒಂದು ಕೈ ಮೇಲೆ. ಆದ್ರೆ ಜೀವ ಮಾತ್ರ ಗುಂಡಪ್ಪ ವಿಶ್ವನಾಥ್ ಹತ್ರ. 1969, ಕಾನ್ಪುರ, ಮೊದಲ್ನೇ ಇನ್ನಿಂಗ್ಸ್ ಸೊನ್ನೆ, ಎರಡನೇದ್ರಲ್ಲಿ 137, ಅದನ್ನ ಮಂತ್ರದ ಥರ ಹೇಳ್ತಾರೆ. ನಾನು ಕೇಳ್ದೆ, ವಿಶಿ ಐಪಿಎಲ್ ಆಡ್ಲಿಲ್ವಲ್ಲ ಅಂಕಲ್, ಆಡಿದ್ರೆ ಗೊತ್ತಾಗ್ತಿತ್ತೇನೋ? ಆಗ ಐಪಿಎಲ್ ಎಲ್ಲಿತ್ತಮ್ಮಾ, ಎನ್‌ಎಚ್‌ಎಲ್ ಇತ್ತಲ್ಲ ಅಂದ್ರು.

ಸರೀನೇ, ನನ್ನ ಹೋಲಿಕೆ ಕುಂಟತ್ತೆ. ಎನ್‌ಎಚ್‌ಎಲ್ ಇತ್ತು. ಅಲ್ಲಿನ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದೋರು 1983ರ ಡ್ರಾಫ್ಟಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) 138ನೇಯವನಾಗಿ ಅವನ ಹೆಸರು ಬರೆಸಿದ್ರು ಕೂಡ. ಮಾಸ್ಕೋದೋರು ಬಿಡ್ಲಿಲ್ಲ. ಅಷ್ಟೇ ಉತ್ತರ, ಮುಗೀತು. ಅವನು ಆಡ್ತಿದ್ದಿದ್ದು ಸಿಎಸ್‌ಕೆಎ ಅಂದ್ರೆ ಸೇನೆ ಕ್ಲಬ್ಬಿಗೆ, ಆಟಗಾರರೆಲ್ಲ ಕಾಗದದ ಮೇಲೆ ಸೇನೆಯವ್ರು. ಸಂಬಳ ಬರ್ತಿತ್ತು, ವರ್ಷವಿಡೀ ಆಟ ಬಿಟ್ಟು ಬೇರೆ ಕೆಲಸ ಇಲ್ಲ, ಆದ್ರೂ ಒಲಿಂಪಿಕ್ಸ್ ಲೆಕ್ಕದಲ್ಲಿ ಅಮೆಚೂರ್! ಇಂಥವನು ದೇಶ ಬಿಟ್ಟು ಆಡಕ್ಕೆ ಹೋದ್ರೆ ಸೇನೆ ಬಿಟ್ಟು ಓಡಿಹೋದ ಹಾಗೆ. 1989ರ ಮಾರ್ಚಲ್ಲಿ ಸೆರ್ಗೇಯ್ ಪ್ರಿಯಾಕಿನ್‌ಗೆ ಕ್ಯಾಲ್ಗರಿಗೆ ಹೋಗು ಅಂತ ಮೊದಲ ಸಲ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿದ್ದು. ಅಷ್ಟೊತ್ತಿಗೆ ಟ್ರೆಟ್ಯಾಕ್ ಪ್ಯಾಡ್ ಬಿಚ್ಚಿಟ್ಟು ಐದು ವರ್ಷ.

ಬಂಡವಾಳ ನೋಡ್ಬೇಕಾ? 1972ರಲ್ಲಿ ಎನ್‌ಎಚ್‌ಎಲ್ ಆಟಗಾರರ ಕೆನಡಾ ತಂಡಕ್ಕೂ ಸೋವಿಯತ್‌ಗೂ ಎಂಟು ಆಟದ ಸೀರೀಸ್ ಇತ್ತು. ಅದಕ್ಕೆ ಮುಂಚೆ ಕೆನಡಾದ ಸ್ಕೌಟ್‌ಗಳು ಮಾಸ್ಕೋಗೆ ಹೋಗಿ ನೋಡ್ಕೊಂಡು ಬಂದ್ರು, 20 ವರ್ಷದ ಹುಡುಗ, ಆ ಮ್ಯಾಚಲ್ಲಿ ರಾಶಿ ಗೋಲು ಬಿಟ್ಟ, ಇವನೇನು ತಡೀತಾನೆ ಅಂತ ವರದಿ ಕೊಟ್ರು. ಪಾಪ, ಹುಡುಗನ ಮದುವೆ ಹತ್ರದಲ್ಲೇ ಇತ್ತು, ತಲೆ ಎಲ್ಲಿತ್ತೋ. ಸೆಪ್ಟೆಂಬರ್ 2ಕ್ಕೆ ಮಾಂಟ್ರಿಯಲ್ ಫೋರಮ್‌ನಲ್ಲಿ ಮೊದಲ ಆಟ. 30 ಸೆಕೆಂಡಿಗೆ ಕೆನಡಾ ಗೋಲು. ಕೊನೆಗೆ ಸೋವಿಯತ್ 7, ಕೆನಡಾ 3. ಎಂಟನೇ ಆಟದಲ್ಲಿ ಇನ್ನು 34 ಸೆಕೆಂಡ್ ಇದೆ ಅನ್ನುವಾಗ ಹೆಂಡರ್ಸನ್ ಹೊಡೆದು ಸೀರೀಸ್ ಕೆನಡಾಕ್ಕೇ ಹೋಯ್ತು, ಅದನ್ನ ಇಲ್ಲಿ ಇವತ್ತಿಗೂ ಹೇಳ್ತಾನೇ ಇರ್ತಾರೆ, ಹೇಳ್ಲಿ. 1975ರ ಡಿಸೆಂಬರ್ 31ರ ರಾತ್ರಿ ಇದೇ ಕೆನೇಡಿಯನ್ಸ್ ಎದುರಿಗೆ ಸಿಎಸ್‌ಕೆಎ 3-3 ಡ್ರಾ. ಮಾಂಟ್ರಿಯಲ್‌ನೋರು ಹೊಡೆದ ಶಾಟು 38, ಇವರದ್ದು 13. ಆ 38ರಲ್ಲಿ 35 ತಡೆದವನು ಎನ್‌ಎಚ್‌ಎಲ್ ಆಡಿಲ್ಲ ಅನ್ನೋದು ಅಂಕಲ್ ತಕರಾರು.

ಇನ್ನೊಂದು ಜಾತಿ ಜನ ಇದಾರೆ, ಅವರು 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್ ತೆಗೀತಾರೆ, ಅಮೆರಿಕದ ಕಾಲೇಜ್ ಹುಡುಗ್ರ ಕೈಲಿ ಸೋತ್ರಲ್ಲ ಅಂತ. ಆ ವಿಡಿಯೊ ನಾನೆಷ್ಟು ಸಲ ನೋಡಿದೀನೋ. ಮೊದಲ ಪಿರಿಯಡ್ ಮುಗೀತಾ ಬಂದಿದೆ, ಸೋವಿಯತ್ 2-1 ಮುಂದೆ, ದೂರದಿಂದ ಒಂದು ಸಾದಾ ಶಾಟ್ ಬರತ್ತೆ, ಟ್ರೆಟ್ಯಾಕ್ ಪ್ಯಾಡಲ್ಲಿ ತಡೀತಾನೆ, ಪಕ್ (ಚೆಂಡಿನ ಬದಲಿಗಿರೋ ರಬ್ಬರ್ ಬಿಲ್ಲೆ) ಎದುರಿಗೆ ಪುಟಿಯತ್ತೆ, ಡಿಫೆಂಡರ್‌ಗಳು ಪಿರಿಯಡ್ ಮುಗೀತು ಅನ್ನೋ ಥರ ನಿಧಾನ ಮಾಡ್ತಾರೆ, ಮಾರ್ಕ್ ಜಾನ್ಸನ್ ಇಬ್ಬರ ನಡುವೆ ನುಗ್ಗಿ ಹೊಡೀತಾನೆ. ಗಡಿಯಾರದಲ್ಲಿ ಒಂದೇ ಸೆಕೆಂಡ್ ಬಾಕಿ. ಅಷ್ಟಕ್ಕೆ ಕೋಚ್ ಟಿಕನೋವ್ ಟ್ರೆಟ್ಯಾಕ್‌ನ ಕೂರಿಸಿ ಇನ್ನೊಬ್ಬ ಗೋಲಿ ಮಿಶ್ಕಿನ್‌ನ ಇಳಿಸಿದ. 4-3ರಲ್ಲಿ ಸೋತ್ರು. ನನ್ನ ಜೀವನದ ದೊಡ್ಡ ತಪ್ಪು ಅದು ಅಂತ ಟಿಕನೋವ್‌ನೇ ಆಮೇಲೆ ಒಪ್ಕೊಂಡ. ಮುಂದಿನ ವರ್ಷ ಕೆನಡಾ ಕಪ್ ಫೈನಲ್‌ನಲ್ಲಿ, ಮಾಂಟ್ರಿಯಲ್‌ನಲ್ಲೇ, ಕೆನಡಾಕ್ಕೆ 8-1 ಬಿತ್ತು, ಟೂರ್ನಿಯ ಶ್ರೇಷ್ಠ ಆಟಗಾರ ಟ್ರೆಟ್ಯಾಕ್. ಅದನ್ನ ಯಾರೂ ಕೇಳಲ್ಲ ನೋಡಿ.

ಯಾರೂ ಕೇಳದೇ ಇರೋದು ಇನ್ನೊಂದಿದೆ. ಎಲ್ಲಿ ಆಡ್ಲಿಲ್ಲ ಅನ್ನೋದು ಬಿಡಿ, ಯಾಕೆ ನಿಲ್ಲಿಸ್ದ? 1984, ಸರಾಯೆವೊ ಒಲಿಂಪಿಕ್ಸ್, ಚಿನ್ನ ಯಾರಿಗೆ ಅಂತ ತೀರ್ಮಾನ ಆದ ಕೊನೆಯ ಆಟದಲ್ಲಿ ಚೆಕೊಸ್ಲೊವಾಕಿಯ ಮೇಲೆ 2-0, ಒಂದು ಗೋಲೂ ಬಿಟ್ಟಿಲ್ಲ, ಮೂರನೇ ಒಲಿಂಪಿಕ್ ಚಿನ್ನ. ಅದೇ ವರ್ಷ ಆಟ ಬಿಟ್ಟ. ವಯಸ್ಸು 32. ಗೋಲಿಗಳಿಗೆ ಅದು ವಯಸ್ಸೇ ಅಲ್ಲ.

ಸಿಎಸ್‌ಕೆಎದೋರಿಗೆ ಮಾಸ್ಕೋ ಹೊರಗೆ ಅರ್ಖಾಂಗೆಲ್ಸ್ಕೊಯೆ ಅಂತ ಕ್ಯಾಂಪ್ ಇತ್ತು, ವರ್ಷಕ್ಕೆ ಹತ್ತು ಹನ್ನೊಂದು ತಿಂಗಳು ಅಲ್ಲೇ ವಾಸ. ಮನೆ ಇರೋದು ಮಾಸ್ಕೋದಲ್ಲೇ, ಹೆಂಡತಿ, ಎರಡು ಮಕ್ಕಳು. ನಮ್ಮಪ್ಪ ಟ್ರಾನ್ಸ್‌ಫರ್ ಆಗಿ ರಾಯಚೂರಲ್ಲಿದ್ದಾಗ ಶನಿವಾರ ರಾತ್ರಿ ಬಸ್ ಹತ್ತಿ ನಮ್ಮನ್ನ ನೋಡಕ್ಕೆ ಬರ್ತಿದ್ರು, ಆ ಭಾಗ್ಯಾನೂ ಇಲ್ಲ ಇವನಿಗೆ. ಕೊನೆಗೆ ಟಿಕನೋವ್ ಹತ್ರ ಹೋಗಿ ಕೇಳ್ದ: ಪ್ರಾಕ್ಟೀಸ್ ಎಲ್ಲಾ ಮಾಡ್ತೀನಿ, ರಾತ್ರಿ ಮನೇಲಿ ಮಲಗ್ತೀನಿ, ಮ್ಯಾಚ್ ಹಿಂದಿನ ದಿನ ಕ್ಯಾಂಪಿಗೆ ಬರ್ತೀನಿ. ಹದಿನೈದು ವರ್ಷ ಆಡಿದವನು ಕೇಳಿದ್ದು ಇಷ್ಟು.

ಆಗಲ್ಲ ಅಂದ ಟಿಕನೋವ್.

ಸರಿ, ಅಂಕಲ್‌ಗೆ ಇದನ್ನೆಲ್ಲ ಹೇಳ್ದೆನಾ ಅಂದ್ರೆ ಇಲ್ಲ, ಅರ್ಖಾಂಗೆಲ್ಸ್ಕೊಯೆ ಅನ್ನೋ ಹೊತ್ತಿಗೆ ಲೈನ್ ಮುಂದೆ ಹೋಗಿ ಹೋಳಿಗೆ ಬಂದಿತ್ತು. ಒಂದು ಮಾತ್ರ ಹೇಳ್ದೆ: ಎನ್‌ಎಚ್‌ಎಲ್‌ಗೆ ಅವನು ಹೋದ, ಅಂಕಲ್, ಆಮೇಲೆ ಹೋದ, ಶಿಕಾಗೊದಲ್ಲಿ ಗೋಲಿಗಳಿಗೆ ಪಾಠ ಮಾಡಕ್ಕೆ. ಅಲ್ಲಿ ಎಡ್ ಬೆಲ್‌ಫೋರ್ ಅಂತ ಒಬ್ಬ, ಹೆಸರು ಕೇಳಿರ್ತೀರ, ಅವನು ಮುಂದೆ ಈ ಗುರುವಿಗೋಸ್ಕರಾನೇ 20ನೇ ನಂಬರ್ ಹಾಕ್ಕೊಂಡ. ಅಂಕಲ್ ತುಪ್ಪ ಹಾಕಿಸ್ಕೊಳ್ತಾ, "ಅಂಗಿ ಎಷ್ಟಾಯ್ತಮ್ಮಾ?" ಅಂದ್ರು.